ಮುಳ್ಳಯ್ಯನಗಿರಿಯ ಮೂಡಣ ಗಾಳಿ

ಈ ಸಲದ ಚಿಕ್ಕಮಗಳೂರು ಪ್ರವಾಸದಲ್ಲಿ ನಾನು ಹೇಳಲೇಬೇಕಾದ್ದು ಒಂದು ಮಧ್ಯಾಹ್ನದ ಕಥೆ. ಜನವರಿಯ ಒಂದು ವಾರ ಹಾಸನದಿಂದ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆವು. ಅಯ್ಯನಕೆರೆ, ಕೆಮ್ಮಣ್ಣುಗುಂಡಿ ಎಲ್ಲ ಆಯಿತು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಹೊಟ್ಟೆ ಇನ್ನೂ ಉರಿಯುತ್ತಿರುವುದರಿಂದ ಮೊದಲು ಒಂದು ಮಾತು. ಭಾನುವಾರ ಮುಳ್ಳಯ್ಯನಗಿರಿಗೆಂದು ಜೀಪು ಮಾಡಿಕೊಂಡೆವು. ಕೈಮರ ದಾಟಿದ ಮೇಲೆ ಕಾರುಗಳ ಸಾಲು ಅಲ್ಲಾಡಲಿಲ್ಲ. ಜೀಪಿನವನು ಅರ್ಧ ದಾರಿಯಲ್ಲೇ ತಿರುಗಿಸಿ ತಂದು ಬಿಟ್ಟು, ಪೂರ್ತಿ ಬಾಡಿಗೆ ಎಣಿಸಿಕೊಂಡ. ನೀವು ಹೋಗುವುದಾದರೆ ವಾರದ ನಡುವೆ ಹೋಗಿ, ಬೆಳಿಗ್ಗೆ ಬೇಗ ಹೊರಡಿ, ದುಡ್ಡು ಇಳಿದು ಬಂದ ಮೇಲೆ ಕೊಡಿ.

ಬುಧವಾರ ಮತ್ತೆ ಹೊರಟಾಗ ಪಕ್ಕದ ಮನೆಯ ಮೇಷ್ಟ್ರೂ ಜೊತೆಗೆ ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮೊಣಕಾಲು ನೋವಿದ್ದುದರಿಂದ ಮೆಟ್ಟಿಲು ಹತ್ತಲಾರೆ ಎಂದು ಸೀತಾಳಯ್ಯನಗಿರಿಯ ಹತ್ತಿರ ಹುಲ್ಲಿನ ಮೇಲೆ ಕೂತರು. ನಮ್ಮವರು, ಮಕ್ಕಳು ಮೇಲೆ ಹೋದರು. ನಾನು ಉಳಿದುಕೊಂಡೆ.

ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಹದ್ದು ನಮ್ಮ ಕಣ್ಣಿನ ಮಟ್ಟಕ್ಕೇ ಬಂದು ನಿಂತಿತು. ರೆಕ್ಕೆ ಬಡಿಯಲೇ ಇಲ್ಲ. ತುದಿಯ ಗರಿಗಳು ಬೆರಳು ಬಿಡಿಸಿದಂತೆ ಅಗಲವಾಗಿದ್ದವು. ಇದ್ದಲ್ಲೇ ಇದ್ದು, ಒಂದಿಷ್ಟು ಪಕ್ಕಕ್ಕೆ ಜಾರಿ, ಮತ್ತೆ ಬಂದು ನಿಲ್ಲುತ್ತಿತ್ತು.

"ಅದು ಹೇಗೆ ನಿಂತಿದೆ ಸರ್?"

"ಅದು ನಿಂತಿಲ್ಲಮ್ಮ, ಇಳೀತಾ ಇದೆ," ಎಂದರು ಮೇಷ್ಟ್ರು. "ಕಡೂರು ಬಯಲಿಂದ ಬರೋ ಮೂಡಣ ಗಾಳಿ ಈ ಗುಡ್ಡಕ್ಕೆ ಹೊಡೆದು ಮೇಲಕ್ಕೆ ತಿರುಗುತ್ತೆ. ಹಕ್ಕಿ ಎಷ್ಟು ಇಳಿಯುತ್ತೋ ಗಾಳಿ ಅಷ್ಟೇ ಎತ್ತುತ್ತೆ. ಇಂಜಿನ್ ಇಲ್ಲದ ವಿಮಾನ ಇರುತ್ತಲ್ಲ, ಗ್ಲೈಡರ್, ಅದು ಹಾರೋದೂ ಹೀಗೇ ಕಣಮ್ಮ."

ಇಷ್ಟು ವರ್ಷ ಪಕ್ಕದಲ್ಲಿದ್ದರೂ ಅವರು ಗ್ಲೈಡರ್ ಹಾರಿಸಿದವರೆಂದು ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ. ವಯಸ್ಸಿನಲ್ಲಿದ್ದಾಗ ಪುಣೆಯ ಹಡಪ್ಸರ್‌ನಲ್ಲಿ ಕಲಿತರಂತೆ. ಚಳಿಗಾಲದ ರಜೆಯಲ್ಲಿ ಒಂದು ವಾರ ಅಲ್ಲೇ ಬಿಡಾರ. ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು.

ಇಂಜಿನ್ ಇಲ್ಲದ ವಿಮಾನ ಮೇಲೇಳಲು ನೆಲದ ಮೇಲೆ ಎಷ್ಟು ಜನ ಬೇಕೆಂದು ನನಗೆ ತಿಳಿದಿದ್ದೇ ಆಗ. ಮೈದಾನದ ಆ ತುದಿಯಲ್ಲಿ ಕೇಬಲ್ ಸುತ್ತಿ ಎಳೆಯುವ ಯಂತ್ರ, ಅಂದರೆ ವಿಂಚ್, ಈ ತುದಿಯಲ್ಲಿ ಗ್ಲೈಡರ್, ನಡುವೆ ಉದ್ದಕ್ಕೆ ಉಕ್ಕಿನ ಕೇಬಲ್. ಒಬ್ಬ ರೆಕ್ಕೆಯ ತುದಿ ಹಿಡಿದು ಸಮಮಾಡಿ ನಾಲ್ಕು ಹೆಜ್ಜೆ ಓಡಬೇಕು, ಇನ್ನೊಬ್ಬ ವಿಂಚಿನವನಿಗೆ ಸನ್ನೆ ಕೊಡಬೇಕು. ಕೇಬಲ್ ಎಳೆದ ಕೂಡಲೇ ಮೂತಿ ಆಕಾಶಕ್ಕೆ. ಕೆಲವು ನೂರು ಮೀಟರ್ ಮೇಲೆ ಹೋದಾಗ ಮೂತಿ ತಗ್ಗಿಸಿ ಕೇಬಲ್ ಕಳಚಬೇಕು. ಏರುಗಾಳಿ ಸಿಗದಿದ್ದರೆ ಐದಾರು ನಿಮಿಷದಲ್ಲಿ ಮತ್ತೆ ನೆಲ. ಉಳಿದ ಹೊತ್ತೆಲ್ಲ ಬೇರೆಯವರ ಗ್ಲೈಡರ್ ತಳ್ಳುವುದು, ರೆಕ್ಕೆ ಹಿಡಿಯುವುದು. "ಆ ಕೆಲಸ ಮಾಡದವನನ್ನ ಯಾರೂ ಹಾರಿಸ್ತಿರಲಿಲ್ಲ," ಎಂದರು. ಆ ಪದ್ಧತಿ ನನಗೆ ಬಹಳ ಹಿಡಿಸಿತು.

ಅವರು ಕಲಿತದ್ದು ರೋಹಿಣಿಯಲ್ಲಿ. ನಮ್ಮ ನಾಗರಿಕ ವಿಮಾನಯಾನ ಇಲಾಖೆಯವರೇ ರೂಪಿಸಿದ ಮರದ ಗ್ಲೈಡರ್ ಅದು, ಮೊದಲು ಹಾರಿದ್ದು 1961ರಲ್ಲಿ. ಗುರು ಶಿಷ್ಯರು ಅಕ್ಕಪಕ್ಕ ಕೂರುವ ಹಾಗೆ ಎರಡು ಸೀಟು. ಅದಕ್ಕೂ ಮುಂಚೆ ಬಂದದ್ದು ಅಶ್ವಿನಿ, ಆಮೇಲೆ ಕಾರ್ತಿಕ್, ಮೃಗಶೀರ, 1979ರಲ್ಲಿ ಆರ್ದ್ರಾ. ನಮ್ಮ ಹಾಸನದ ರೈತರು ಮಳೆ ಲೆಕ್ಕ ಹಾಕುವ ನಕ್ಷತ್ರಗಳೇ ಎಲ್ಲ! ರೋಹಿಣಿ ಮಳೆಗೆ ಆಲೂಗಡ್ಡೆ ಬಿತ್ತುವ ಮನೆಯಿಂದ ಬಂದ ನನಗೆ ರೋಮಾಂಚನವಾಯಿತು.

"ಗುಡ್ಡ ಇಲ್ಲದ ಕಡೆ ಗಾಳಿ ಹೇಗೆ ಏರುತ್ತೆ ಸರ್?"

ಅವರು ಕೆಳಗಿನ ತೋಟದ ಕಡೆ ತೋರಿಸಿದರು. ಹಸಿರಿನ ನಡುವೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಮೂರು ಹದ್ದುಗಳು ಸುತ್ತುತ್ತಿದ್ದವು. ಮರದ ನೆರಳಿನ ತೋಟ ತಣ್ಣಗಿರುತ್ತದೆ, ಕಣ ಬೇಗ ಕಾಯುತ್ತದೆ, ಕಾದ ಗಾಳಿ ಹಗುರಾಗಿ ಮೇಲೇಳುತ್ತದೆ. ಅದೇ ಥರ್ಮಲ್. ಪ್ರತಿ ಸಾವಿರ ಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತಾ, ಸುತ್ತಲಿನ ಗಾಳಿಗಿಂತ ಬೆಚ್ಚಗಿರುವವರೆಗೂ ಅದು ಏರುತ್ತದೆ. ಬೆಳಿಗ್ಗೆ ಇಬ್ಬನಿ ಹಿಡಿದ ನೆಲದಲ್ಲಿ ಇದು ಹುಟ್ಟುವುದಿಲ್ಲ, ಬಿಸಿಲು ಬಲಿಯಬೇಕು. ಹಡಪ್ಸರ್‌ನ ಆ ಚಳಿಗಾಲದ ವಾರದಲ್ಲಿ ಹುಡುಗರೆಲ್ಲ ಹನ್ನೊಂದು ಗಂಟೆಯಾಗಲೆಂದು ಕಾಯುತ್ತಿದ್ದುದು ಅದಕ್ಕಂತೆ. ಗ್ಲೈಡರ್ ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿಯುತ್ತಿರುವಾಗ ಗಾಳಿ ಎರಡು ಮೀಟರ್ ಏರಿದರೆ, ಒಂದು ಮೀಟರ್ ಲಾಭ.

ಇಷ್ಟು ವರ್ಷ ಖಾಲಿ ಎಂದುಕೊಂಡಿದ್ದ ಆಕಾಶದಲ್ಲಿ ಗಾಳಿಯ ಊಟೆಗಳೂ ಹಳ್ಳಗಳೂ ಇದ್ದವು. ನಾನು ಬರೀ ನೋಟ ನೋಡಿ ಹೋಗುತ್ತಿದ್ದೆ, ಇವರು ಕೂತಲ್ಲೇ ಅದನ್ನೆಲ್ಲ ಓದುತ್ತಿದ್ದರು. ಕೆಳಗಿನ ರೆಸಾರ್ಟಿನ ಜಿಪ್‌ಲೈನಿನ ಕಿರುಚಾಟ ನನಗೆ ಇನ್ನೂ ಅಸಹನೀಯವಾಯಿತು.

"ಇಲ್ಲಿ ಹಾರಿಸಬಹುದಾ ಸರ್?"

"ಹಾರಬಹುದು. ಇಳಿಯೋದೆಲ್ಲಿ?" ಎಂದರು. ತೋಟವಿಡೀ ಸಿಲ್ವರ್ ಓಕ್, ಮೆಣಸಿನ ಬಳ್ಳಿ. ಒಮ್ಮೆ ಪುಣೆಯ ಆಚೆ ಏರುಗಾಳಿ ಕೈಕೊಟ್ಟಾಗ ಜೋಳ ಕೊಯ್ದ ಹೊಲದಲ್ಲಿ ಇಳಿದಿದ್ದರಂತೆ. ಊರಿನವರು ಚಹಾ ಕೊಟ್ಟು, ಬಿಚ್ಚಿದ ರೆಕ್ಕೆಗಳನ್ನು ಹೊತ್ತು ಟ್ರೇಲರ್‌ವರೆಗೂ ತಂದರಂತೆ. ಆಮೇಲೆ ಪೂರ್ವಕ್ಕೆ ತಿರುಗಿ ಬಯಲಿನ ಹೊಲಗಳನ್ನು ಒಂದೊಂದಾಗಿ ತೋರಿಸಿದರು: ಇದರಲ್ಲಿ ಕರೆಂಟು ತಂತಿ, ಬೇಡ. ಅದು ಇಳಿಜಾರು, ಬೇಡ. ಆ ರಾಗಿ ಕೊಯ್ದದ್ದು ಉದ್ದವಾಗಿದೆ, ಗಾಳಿಗೆ ಎದುರಾಗಿದೆ, ಆದೀತು. ನಮ್ಮವರು ಮೆಟ್ಟಿಲಿಳಿದು ಬಂದಾಗ ನಾವು ಇನ್ನೂ ಹೊಲ ಆರಿಸುತ್ತಿದ್ದೆವು.