ಕಾವಲಿಗೆ ನಿಂತಿದ್ದ ಗೆಳೆಯ

ನಮ್ಮ ಶಾಲೆಯ ಗಂಟೆ ಅಂದರೆ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು. ಎಂಟನೇ ತರಗತಿಯಲ್ಲಿ ಒಂದು ಮಧ್ಯಾಹ್ನ ನಾನು ಅದನ್ನು ಇಪ್ಪತ್ತು ನಿಮಿಷ ಮೊದಲೇ ಬಾರಿಸಿಬಿಟ್ಟೆ. ಇಡೀ ಶಾಲೆ ಗೇಟಿನ ಕಡೆ ಓಡಿತು. ಕಾವಲಿಗೆ ನಿಂತಿದ್ದವನು ನನ್ನ ಬೆಂಚಿನ ಗೆಳೆಯ. ಸಿಕ್ಕಿಬಿದ್ದವನೂ ಅವನೇ.

ಡ್ರಿಲ್ ಮೇಷ್ಟ್ರು ಬೆತ್ತ ಹಿಡಿದು ಕೇಳಿದರು. 'ಕಾವಲಿಗೆ ನಿಂತಿದ್ದು ನಿಜ ಸರ್. ಹೊಡೆದವರು ಯಾರು ಅಂತ ಮಾತ್ರ ಕೇಳಬೇಡಿ' ಅಂದ. ನಾಲ್ಕು ಏಟು ಬಿದ್ದವು. ಅಂಗೈ ಕೆಂಪಾಗಿ ಊದಿತ್ತು. ಅವತ್ತು ಅವನ ನೋಟ್ಸ್ ನಾನೇ ಬರೆದುಕೊಟ್ಟೆ.

ಮೇಷ್ಟ್ರು ದಿನವೂ ಸಾಲಿನಲ್ಲಿ ನಿಲ್ಲಿಸಿ ಹೇಳುತ್ತಿದ್ದದ್ದು ಒಂದೇ, 'ನಿಂತ ಜಾಗ ಬಿಡಬೇಡ.' ಈಗ ಡ್ರಿಲ್ ಪೀರಿಯಡ್ ಅಂದರೆ ಗಣಿತದ ಉಳಿದ ಪಾಠ ಮುಗಿಸುವ ಹೊತ್ತು. ಅದು ನನಗೆ ಬೇಜಾರು. ಇವತ್ತು ನಲವತ್ತು ಜನರ ವಿಭಾಗವನ್ನು ನಾನು ಧೈರ್ಯವಾಗಿ ನಡೆಸುತ್ತಿದ್ದರೆ, ಅದು ಆ ಸಾಲಿನಲ್ಲಿ ಕಲಿತದ್ದು.

ಗೆಳೆಯ ಸಬ್ ಇನ್ಸ್‌ಪೆಕ್ಟರ್ ಆದ. ಒಂದು ರಾತ್ರಿ ನಾಕಾಬಂದಿಯಲ್ಲಿ ಕೈ ತೋರಿಸಿದರೂ ಒಂದು ವಾಹನ ನಿಲ್ಲಲಿಲ್ಲ. ಗೆಳೆಯ ಪಕ್ಕದಲ್ಲಿದ್ದ ಎಳೆಯ ಕಾನ್‌ಸ್ಟೆಬಲ್‌ನನ್ನು ಆಚೆ ತಳ್ಳಿದ. ತಾನು ಸರಿಯುವಷ್ಟು ಹೊತ್ತು ಸಿಗಲಿಲ್ಲ. ತಲೆಗೆ ಪೆಟ್ಟು. ಹನ್ನೊಂದು ದಿನ ಐಸಿಯು ಬಾಗಿಲಲ್ಲಿ ಕಾದೆವು. ಕೊನೆಗೆ ನರ್ಸ್ ಒಂದು ಪ್ಲಾಸ್ಟಿಕ್ ಕವರ್ ತಂದು ಅವನ ಹೆಂಡತಿಯ ಕೈಗಿಟ್ಟರು. ಒಳಗೆ ವಾಚು, ವಿಸಿಲ್. ವಿಸಿಲ್ ದಾರದಲ್ಲಿ ರಕ್ತ ಒಣಗಿ ಕಡ್ಡಿಯಂತಾಗಿತ್ತು.

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಸೈನಿಕರ ದಾಳಿಗೆ 10 ಪೊಲೀಸರು ಬಲಿಯಾದರು. ಅವರ ನೆನಪಿಗೆ, ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದಲ್ಲಿ ಸತ್ತವರ ಹೆಸರುಗಳನ್ನು ಪ್ರತಿ ವರ್ಷ ಅದೇ ದಿನ ಓದುತ್ತಾರೆ. ಗಾಯಗೊಂಡು ಆಸ್ಪತ್ರೆಯಲ್ಲಿ ತೀರಿಕೊಂಡವರೂ ಆ ಪಟ್ಟಿಯಲ್ಲಿರುತ್ತಾರೆ. ನಮ್ಮ ಗೆಳೆಯನ ಹೆಸರು ಓದಿದಾಗ ಮೇಷ್ಟ್ರು ನನ್ನ ಪಕ್ಕದಲ್ಲಿದ್ದರು. ಈಗ ಅವರಿಗೆ ಕೋಲು ಬೇಕು. ಆದರೂ ಕೋಲನ್ನು ನನ್ನ ಕೈಗೆ ಕೊಟ್ಟು ಅಟೆನ್ಷನ್‌ಗೆ ನಿಂತರು. ಬ್ಯೂಗಲ್ ಮುಗಿಯುವವರೆಗೂ ಕದಲಲಿಲ್ಲ.

ವಾಪಸ್ ಬರುವಾಗ ಕೇಳಿದರು, 'ಗಂಟೆ ಹೊಡೆದದ್ದು ನೀನೇ ಅಲ್ವೇನೋ?'

'ಹೌದು ಸರ್.'

'ಹೋದ ವರ್ಷ ಮನೆಗೆ ಬಂದಿದ್ದ. ಆಗಲೂ ಕೇಳಿದ್ದೆ. ಹೇಳಲಿಲ್ಲ ನೋಡು' ಅಂದರು. ಕೋಲನ್ನು ಮತ್ತೆ ಕೇಳುವುದನ್ನೂ ಮರೆತು, ನನ್ನ ಭುಜ ಹಿಡಿದೇ ನಡೆದರು.