ಓದುತ್ತಿರುವಾಗಲೇ ಗುಪ್ತಚರ ಇಲಾಖೆಯಲ್ಲಿ ಇಂಟರ್ನ್‌ಶಿಪ್ ಸಿಗುತ್ತಾ?

"ಸರ್, ಐಬಿ ಒಳಗ, ರಾ ಒಳಗ ಸ್ಟೂಡೆಂಟ್ಸಿಗೆ ಇಂಟರ್ನ್‌ಶಿಪ್ ಇರತೈತೇನ್ರಿ? ರೊಕ್ಕಾನೂ ಕೊಡ್ತಾರಂತಲ್ರಿ?"

ಹುಬ್ಬಳ್ಳಿಯ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕ್ಲಾಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುತ್ತಾರೆ, ರಾತ್ರಿ ವಾಟ್ಸಾಪ್‌ನಲ್ಲಿ ಕೇಳುತ್ತಾರೆ, ಗದಗ-ಹಾವೇರಿ ಕಡೆಯ ಪಾಲಕರು ಫೋನ್ ಮಾಡಿ "ನಮ್ಮ ಹುಡುಗಗ ಗಡಿ ಕಾಯೋ ಕೆಲಸದಾಗ ಭಾಳ ಆಸಕ್ತಿ ಐತ್ರಿ, ಏನಾರ ಟ್ರೇನಿಂಗ್ ಐತೇನು" ಅಂತ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನೇರ ಉತ್ತರ: ಇಲ್ಲ. ದೇಶದೊಳಗಿನ ಗುಪ್ತಚರ ನೋಡುವ ನಮ್ಮ ಇಂಟೆಲಿಜೆನ್ಸ್ ಬ್ಯೂರೋ (ಐಬಿ) ಆಗಲಿ, ಹೊರದೇಶದ್ದನ್ನು ನೋಡುವ ರಾ ಆಗಲಿ, ಅರ್ಜಿ ಕರೆದು ಕಾಲೇಜು ಹುಡುಗರಿಗೆ ಸಂಬಳ ಕೊಟ್ಟು ಇಂಟರ್ನ್‌ಶಿಪ್ ಮಾಡಿಸುವುದಿಲ್ಲ. ಗಡಿ ಕಾಯುವ ಬಿಎಸ್‌ಎಫ್ ಕೂಡ ಡಿಗ್ರಿ ಓದುವವರನ್ನು ಗಡಿ ಪೋಸ್ಟಿಗೆ ಕರೆಸಿಕೊಂಡು ಸ್ಟೈಪೆಂಡ್ ಕೊಡುವುದಿಲ್ಲ. ಯಾರಾದರೂ ಇದೆ ಅಂತ ಹೇಳಿ, ನೋಂದಣಿಗೆ ಎರಡು ಸಾವಿರ, ಸರ್ಟಿಫಿಕೇಟಿಗೆ ಮೂರು ಸಾವಿರ ಕೇಳಿದರೆ ಅದು ಮೋಸ. ಅಶೋಕ ಸ್ತಂಭದ ಚಿತ್ರ ಹಾಕಿದ ಅಂಥ ಸರ್ಟಿಫಿಕೇಟ್ ಹಿಡಿದುಕೊಂಡು ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಅವರ ಅಪ್ಪ ಹೊಲದಲ್ಲಿ ದುಡಿದ ದುಡ್ಡು ಅದು. ಸರ್ಕಾರ ಇಂಟರ್ನ್‌ಶಿಪ್ ಕೊಟ್ಟರೆ ನಿಮಗೆ ದುಡ್ಡು ಕೊಡುತ್ತದೆ, ಇಲ್ಲಾಂದ್ರೆ ಪುಕ್ಕಟೆ ಕೆಲಸ ಮಾಡಿಸುತ್ತದೆ. ಸೇರಿಸಿಕೊಳ್ಳೋದಕ್ಕೆ ನಿಮ್ಮಿಂದ ಫೀ ವಸೂಲಿ ಮಾಡುವುದಿಲ್ಲ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಅಮೆರಿಕದಿಂದ. ಅಲ್ಲಿ ಇದು ನಿಜವಾಗಿಯೂ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹುಟ್ಟಿ, 2003ರಲ್ಲಿ ಕೆಲಸ ಶುರುಮಾಡಿದ ಅವರ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯೊಳಗೆ ಗುಪ್ತಚರ ವಿಶ್ಲೇಷಣೆಗೇ ಒಂದು ಕಚೇರಿ ಇದೆ, ಗಡಿ ಮತ್ತು ಕಸ್ಟಮ್ಸ್ ನೋಡಿಕೊಳ್ಳುವ ಇನ್ನೊಂದು ದೊಡ್ಡ ಸಂಸ್ಥೆ ಇದೆ. ಆ ಇಲಾಖೆಯಲ್ಲೂ, ಅವರ ವಿದೇಶಿ ಗುಪ್ತಚರ ಸಂಸ್ಥೆ ಸಿಐಎಯಲ್ಲೂ ವಿದ್ಯಾರ್ಥಿಗಳಿಗೆ ಸಂಬಳದ ಇಂಟರ್ನ್‌ಶಿಪ್ ಕೊಡುವ ಪದ್ಧತಿ ಇದೆ. ಆದರೆ ಅಮೆರಿಕದ ಪ್ರಜೆಗಳಿಗೆ ಮಾತ್ರ. ಹಿನ್ನೆಲೆ ತಪಾಸಣೆಗೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಮುಂದಿನ ಬೇಸಿಗೆಯ ಕೆಲಸಕ್ಕೆ ಈಗಲೇ ಅರ್ಜಿ ಹಾಕಬೇಕಾಗುತ್ತದೆ. ಸಿಐಎ ಆದರೆ ಸುಳ್ಳು ಪತ್ತೆ ಪರೀಕ್ಷೆಯನ್ನೂ ಮಾಡುತ್ತದೆ. "ನಮ್ಮ ಮಗ ಅಲ್ಲೇ ಎಂಎಸ್ ಮಾಡ್ತಿದ್ದಾನೆ, ಅವನಿಗೆ ಸಿಗಬಹುದಾ" ಅಂತ ಕೇಳುವವರಿಗೂ ಇದೇ ಉತ್ತರ. ಸ್ಟೂಡೆಂಟ್ ವೀಸಾದಲ್ಲಿ ಇರುವವರಿಗೆ ಸಿಗುವುದಿಲ್ಲ.

ನಮ್ಮ ಕಡೆ ಏನಿದೆ? ಗುಪ್ತಚರದಲ್ಲಿ ಇಲ್ಲದಿದ್ದರೂ ಅದರ ಅಕ್ಕಪಕ್ಕದಲ್ಲಿ ಒಂದಿಷ್ಟು ಬಾಗಿಲುಗಳಿವೆ. ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್‌ಗೆ ತಿಂಗಳಿಗೆ 10,000 ರೂಪಾಯಿ ಗೌರವಧನ ಇದೆ, ನಿಮ್ಮ ರಾಜ್ಯದಿಂದ ದೆಹಲಿಗೆ ಹೋಗಿಬರುವ ವಿಮಾನದ ಖರ್ಚನ್ನೂ ಕೊಡುತ್ತಾರೆ. ಡಿಗ್ರಿ ಮುಗಿಸಿದವರು, ಮತ್ತು ಇಂಟರ್ನ್‌ಶಿಪ್ ಕಡ್ಡಾಯವಾಗಿರುವ ಕೋರ್ಸಿನ ಕೊನೆಯ ವರ್ಷದವರು ಅರ್ಜಿ ಹಾಕಬಹುದು, ವಯಸ್ಸು 25 ದಾಟಿರಬಾರದು. ಇಂಜಿನಿಯರಿಂಗ್ ಮತ್ತು ವಿಜ್ಞಾನದವರಿಗೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳಿವೆ. ಗಡಿಯ ಕೆಲಸ ಅಂದ್ರೆ ಬಂದೂಕು ಹಿಡಿದು ನಿಲ್ಲೋದು ಮಾತ್ರ ಅಂತ ತಿಳಿದವರಿಗೆ ಒಂದು ವಿಷಯ ಹೇಳಬೇಕು. ಗಡಿಯಲ್ಲಿ ನಡೆದುಬರುವ ಮನುಷ್ಯನನ್ನೂ ದೂರದಿಂದಲೇ ಗುರುತಿಸುವ ನೆಲದ ರಾಡಾರನ್ನು ರೂಪಿಸಿದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ, ತಯಾರಿಸಿದ್ದು ಸರ್ಕಾರಿ ಕಂಪನಿ ಬಿಇಎಲ್. ಇನ್ನು ಗಡಿಯನ್ನು ಕಣ್ಣಾರೆ ನೋಡಬೇಕು ಅನ್ನುವವರು ಕೇಂದ್ರ ಸರ್ಕಾರ ಯುವಜನರಿಗಾಗಿ ನಡೆಸುವ 'ಮೈ ಭಾರತ್' ಪೋರ್ಟಲ್ ಮೇಲೆ ಕಣ್ಣಿಡಿ. 2025ರಲ್ಲಿ ಅದರ ಮೂಲಕ ಯುವ ಸ್ವಯಂಸೇವಕರನ್ನು ಲಡಾಖ್, ಹಿಮಾಚಲ, ಉತ್ತರಾಖಂಡದ ಗಡಿ ಹಳ್ಳಿಗಳಿಗೆ ಕಳಿಸಿದ್ದರು.

ನೀತಿ ಆಯೋಗದ ಇಂಟರ್ನ್‌ಶಿಪ್ ಬಗ್ಗೆಯೂ ಕೇಳುತ್ತಾರೆ. ಅದು ಒಳ್ಳೆಯದೇ, ಆದರೆ ಒಂದು ಪೈಸೆ ಕೊಡುವುದಿಲ್ಲ.

ಈ ದುಡ್ಡಿನ ವಿಷಯದಲ್ಲಿ ನನಗೆ ಹೇಳಬೇಕಾದ್ದು ಬಹಳ ಇದೆ. "ಕಲಿಯೋಕೆ ಹೋಗೋದು, ದುಡ್ಡು ಯಾಕೆ ಬೇಕು" ಅನ್ನುವವರಿದ್ದಾರೆ. ಅವರು ರೋಣದ ಹುಡುಗಿಯೊಬ್ಬಳು ದೆಹಲಿಯಲ್ಲಿ ಎರಡು ತಿಂಗಳು ಇರೋದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿ ನೋಡಲಿ. ರೈಲಿನ ಟಿಕೆಟ್, ಪಿಜಿಯ ಅಡ್ವಾನ್ಸ್, ಊಟ, ಮೆಟ್ರೋ. ಅದರ ಮೇಲೆ ರಜೆಯಲ್ಲಿ ಅವಳು ಊರಲ್ಲಿ ದುಡಿದು ತರುತ್ತಿದ್ದ ಕೂಲಿಯೂ ಹೋಯಿತು. ಸಂಬಳವಿಲ್ಲದ ಇಂಟರ್ನ್‌ಶಿಪ್ ಅಂದ್ರೆ ದೆಹಲಿಯಲ್ಲಿ ಮನೆ ಇದ್ದವರಿಗೆ, ಇಲ್ಲವೇ ಅಲ್ಲಿ ಮಕ್ಕಳನ್ನು ಸಾಕುವಷ್ಟು ಅನುಕೂಲ ಇದ್ದವರಿಗೆ ಮಾತ್ರ ಅಂತಲೇ ಅರ್ಥ, ಕಾಗದದ ಮೇಲೆ ಎಲ್ಲರಿಗೂ ತೆರೆದಿದೆ ಅಂತ ಬರೆದಿದ್ದರೂ. ಅಮೆರಿಕದಲ್ಲೂ ಈ ವಾದ ವರ್ಷಗಟ್ಟಲೆ ನಡೆಯಿತು. ಶ್ವೇತಭವನ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡೋಕೆ ಶುರುಮಾಡಿದ್ದು 2022ರಲ್ಲಿ. ದೇಶದ ಭದ್ರತೆಯ ಕೆಲಸಕ್ಕೆ ದೇಶದ ಎಲ್ಲ ಕಡೆಯ ಮಕ್ಕಳು ಬೇಕು. ನಗರದ ನಾಲ್ಕು ಕಾಲೇಜಿನವರೇ ತುಂಬಿಕೊಂಡರೆ ಹಳ್ಳಿ, ಸಂತೆ, ಗಡಿ ಯಾವುದೂ ಅವರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟದಲ್ಲಿ ನುಸುಳುಕೋರರನ್ನು ಮೊದಲು ಕಂಡು ಸೇನೆಗೆ ತಿಳಿಸಿದವರು ಅಲ್ಲಿನ ಕುರಿಗಾಹಿಗಳು. ಆಮೇಲೆ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿ ನಮ್ಮ ಗುಪ್ತಚರ ವ್ಯವಸ್ಥೆಯ ಕೊರತೆಗಳನ್ನು ಬಿಡಿಸಿ ಹೇಳಿತು. ಒಂದು ಗಡಿಗೆ ಒಂದೇ ಪಡೆ ಅನ್ನುವ ಈಗಿನ ಪದ್ಧತಿ ಬಂದದ್ದೂ ಆ ನಂತರದ ಸುಧಾರಣೆಗಳಲ್ಲೇ. ಪಾಕಿಸ್ತಾನ, ಬಾಂಗ್ಲಾದೇಶದ ಗಡಿಗೆ ಬಿಎಸ್‌ಎಫ್, ಚೀನಾ ಗಡಿಗೆ ಐಟಿಬಿಪಿ, ನೇಪಾಳ-ಭೂತಾನ್ ಗಡಿಗೆ ಎಸ್‌ಎಸ್‌ಬಿ, ಮ್ಯಾನ್ಮಾರ್ ಗಡಿಗೆ ಅಸ್ಸಾಂ ರೈಫಲ್ಸ್.

ಈಗ ಕೆಲಸದ ಬಗ್ಗೆ. ಗುಪ್ತಚರ ವಿಶ್ಲೇಷಕ ಏನು ಮಾಡುತ್ತಾನೆ ಅಂತ ಕೇಳಿದರೆ ಹುಡುಗರು ವೇಷ ಮರೆಸಿಕೊಂಡು ಓಡಾಡೋದನ್ನು ಹೇಳುತ್ತಾರೆ. ನಿಜವಾದ ಕೆಲಸ ಮೇಜಿನ ಮುಂದೆ ಕೂತು ಮಾಡುವಂಥದ್ದು. ಓದುವುದು, ಒಂದರ ಜೊತೆ ಇನ್ನೊಂದನ್ನು ತಾಳೆ ನೋಡುವುದು, ಯಾವುದನ್ನು ಎಷ್ಟು ನಂಬಬಹುದು ಅಂತ ತೂಗಿ ನೋಡುವುದು, ಕೊನೆಗೆ ಅಧಿಕಾರಿಯೊಬ್ಬರು ಎರಡು ನಿಮಿಷದಲ್ಲಿ ಓದಿ ತೀರ್ಮಾನ ಮಾಡುವ ಹಾಗೆ ಒಂದು ಪುಟ ಬರೆಯುವುದು. ಇದನ್ನು ಕಲಿಯೋಕೆ ದೆಹಲಿಗೆ ಹೋಗಬೇಕಾಗಿಲ್ಲ.

ನಾನು ಕ್ಲಾಸಿನಲ್ಲಿ ಬ್ಯಾಡಗಿ ಮಾರುಕಟ್ಟೆಯ ಗಲಾಟೆಯನ್ನು ಅಭ್ಯಾಸಕ್ಕೆ ಕೊಡುತ್ತೇನೆ. 2024ರ ಮಾರ್ಚ್ 11, ಸೋಮವಾರ, ಮೆಣಸಿನಕಾಯಿ ದರ ಕುಸಿದದ್ದಕ್ಕೆ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮರುದಿನದ ಎರಡು-ಮೂರು ಪತ್ರಿಕೆ ತರಿಸಿ ಮುಂದೆ ಇಡುತ್ತೇನೆ. ಒಂದು ಹಾಳೆಯಲ್ಲಿ ಮೂರು ಕಾಲಂ: ಖಚಿತವಾಗಿ ಗೊತ್ತಿರುವುದು, ಯಾರೋ ಹೇಳಿದ್ದು, ನಾವು ಊಹಿಸಿದ್ದು. ಹಿಂದಿನ ಶನಿವಾರ ನೀವು ಅಲ್ಲಿ ವಿಶ್ಲೇಷಕರಾಗಿದ್ದರೆ, ಸೋಮವಾರ ಹೀಗಾಗಬಹುದು ಅಂತ ಹೇಳೋಕೆ ನಿಮ್ಮ ಹತ್ತಿರ ಏನಿರುತ್ತಿತ್ತು? ಆವಕ ಎಷ್ಟಿತ್ತು, ಕೋಲ್ಡ್ ಸ್ಟೋರೇಜ್ ತುಂಬಿತ್ತಾ, ಹಿಂದಿನ ಮಾರುಕಟ್ಟೆ ದಿನ ದರ ಎಲ್ಲಿಗೆ ನಿಂತಿತ್ತು, ಹೊರ ರಾಜ್ಯದ ರೈತರು ಎಷ್ಟು ಬಂದಿದ್ದರು, ಅವರು ಎಷ್ಟು ದಿನದಿಂದ ಚೀಲದ ಪಕ್ಕ ಮಲಗಿದ್ದರು. ಒಮ್ಮೆ ಹಾವೇರಿ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ಅವತ್ತು ನಮ್ಮಪ್ಪ ಅಲ್ಲೇ ಇದ್ದ. ದರ ಹಾಕಿದ ಕೂಡಲೇ ಮಂದಿ ಎದ್ರು ಅಂತ ಹೇಳ್ಯಾನ. ಅದನ್ನ ಯಾವ ಕಾಲಂದಾಗ ಬರೀಲಿ?" ಅಪ್ಪ ಹೇಳಿದ್ದು, ಅಪ್ಪ ಕಣ್ಣಾರೆ ಕಂಡದ್ದು, ಆದರೆ ಅಪ್ಪನೂ ದರ ಕಳೆದುಕೊಂಡವನೇ. ಇಡೀ ಕ್ಲಾಸು ಅರ್ಧ ಗಂಟೆ ಅದರ ಮೇಲೆ ಜಗಳಾಡಿತು. ಕೊನೆಗೆ ಎರಡನೇ ಕಾಲಂನಲ್ಲಿ ಬರೆದು, ಪಕ್ಕದಲ್ಲಿ "ನೇರವಾಗಿ ನೋಡಿದವರು, ನಷ್ಟಕ್ಕೆ ಒಳಗಾದವರು" ಅಂತ ಸೇರಿಸಿದರು. ಮೂಲ ಎಂಥದ್ದು, ಅದಕ್ಕೆ ತನ್ನದೇ ಹಿತಾಸಕ್ತಿ ಏನು ಅಂತ ಗುರುತಿಸುವುದು ಈ ವೃತ್ತಿಯಲ್ಲಿ ಮೊದಲ ಪಾಠ, ಅವರು ಅದನ್ನು ತಾವೇ ಕಂಡುಕೊಂಡರು.

ಇನ್ನೊಂದು ಅಭ್ಯಾಸ, "ಆಗಬಹುದು" ಅಂತ ಸುಮ್ನೆ ಬರೆಯದೆ ಎಷ್ಟರಮಟ್ಟಿಗೆ ಅಂತ ಹೇಳೋದು. ಸಿಐಎಯಲ್ಲಿದ್ದ ಶೆರ್ಮನ್ ಕೆಂಟ್ 1964ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಬಹುತೇಕ ಖಚಿತ ಅಂದರೆ ನೂರಕ್ಕೆ ಸುಮಾರು 93, ಸಂಭವ ಜಾಸ್ತಿ ಅಂದರೆ 75, ಹೆಚ್ಚಾಗಿ ಆಗಲಿಕ್ಕಿಲ್ಲ ಅಂದರೆ 30. ನಮ್ಮ ಹುಡುಗರು ಮೊದಮೊದಲು ಎಲ್ಲದಕ್ಕೂ 90 ಹಾಕುತ್ತಾರೆ. ನಾಲ್ಕು ವಾರ ತಮ್ಮದೇ ಅಂದಾಜನ್ನು ತಾವೇ ತಾಳೆ ನೋಡಿದ ಮೇಲೆ ಕೈ ಬಿಗಿಯಾಗುತ್ತದೆ.

ಇಷ್ಟೆಲ್ಲ ಕಲಿತು ಒಳಗೆ ಹೋಗುವ ದಾರಿ ಯಾವುದು? ಪರೀಕ್ಷೆ. ಐಬಿಯ ಎಸಿಐಒ (ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ) ಗ್ರೇಡ್-2 ಹುದ್ದೆಗೆ ಯಾವುದೇ ಡಿಗ್ರಿ ಸಾಕು, ವಯಸ್ಸು 18ರಿಂದ 27, ಮೂಲ ವೇತನ 44,900ರಿಂದ ಶುರು. 2025ರಲ್ಲಿ 3,717 ಹುದ್ದೆಗೆ ಅರ್ಜಿ ಕರೆದಿದ್ದರು. ಎರಡನೇ ಹಂತದಲ್ಲಿ 50 ಅಂಕದ ಬರವಣಿಗೆ ಇದೆ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಕೂತು ಬರೀ ಎಂಸಿಕ್ಯು ಉಜ್ಜುವವರು ಎಡವುವುದು ಇಲ್ಲೇ. ದಿನಕ್ಕೊಂದು ಪುಟ ಬರೆಯಿರಿ, ಬೇರೆಯವರಿಗೆ ಓದಿಸಿ.

ಎಸ್ಸೆಸ್ಸೆಲ್ಸಿ ಆದವರಿಗೆ ಐಬಿಯಲ್ಲೇ ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆ ಇದೆ. ಅದೇ ವರ್ಷ 4,987 ಇದ್ದವು. ಇದಕ್ಕೆ ಆಯಾ ರಾಜ್ಯದ ಭಾಷೆ ಗೊತ್ತಿರಲೇಬೇಕು, ಪರೀಕ್ಷೆಯಲ್ಲಿ ಆ ಭಾಷೆಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಆ ಭಾಷೆಗೆ ಅನುವಾದ ಮಾಡಿಸುತ್ತಾರೆ. ಕನ್ನಡ ಮೀಡಿಯಂ ಅಂತ ಹಿಂಜರಿಯುವವರು ಈ ಮಾತನ್ನು ಎರಡು ಸಲ ಓದಿ. ನಿಮ್ಮ ಕನ್ನಡವೇ ಇಲ್ಲಿ ಅರ್ಹತೆ.

ಗಡಿಗೇ ಹೋಗಬೇಕು ಅನ್ನುವವರಿಗೆ ಯುಪಿಎಸ್‌ಸಿ ನಡೆಸುವ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ) ಅಸಿಸ್ಟೆಂಟ್ ಕಮಾಂಡಂಟ್ ಪರೀಕ್ಷೆ, ಡಿಗ್ರಿ ಬೇಕು, 20ರಿಂದ 25 ವರ್ಷ. ಕಾನ್‌ಸ್ಟೇಬಲ್ ಆಗೋದಾದರೆ ಸಿಬ್ಬಂದಿ ಆಯ್ಕೆ ಆಯೋಗ (ಎಸ್‌ಎಸ್‌ಸಿ) ನಡೆಸುವ ಜಿಡಿ ಪರೀಕ್ಷೆ. 2024ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಮೊದಲು ಹಿಂದಿ-ಇಂಗ್ಲಿಷ್ ಮಾತ್ರ ಇತ್ತು. ಹುಡುಗರಿಗೆ 24 ನಿಮಿಷದಲ್ಲಿ 5 ಕಿಲೋಮೀಟರ್ ಓಟ, ಹುಡುಗಿಯರಿಗೆ ಎಂಟೂವರೆ ನಿಮಿಷದಲ್ಲಿ 1.6 ಕಿಲೋಮೀಟರ್. ಎನ್‌ಸಿಸಿಯ 'ಸಿ' ಸರ್ಟಿಫಿಕೇಟ್ ಇದ್ದರೆ ಗರಿಷ್ಠ ಅಂಕದ ಶೇಕಡಾ 5ರಷ್ಟು ಬೋನಸ್ ಸಿಗುತ್ತದೆ. ಆದ್ದರಿಂದ ಡಿಗ್ರಿಗೆ ಸೇರಿದ ವರ್ಷವೇ ಎನ್‌ಸಿಸಿಗೆ ಹೆಸರು ಕೊಡಿ, ಕೊನೆಯ ವರ್ಷದಲ್ಲಿ ಬಂದು ಕೇಳಿದರೆ ನನ್ನ ಕೈಯಲ್ಲೂ ಏನೂ ಇರುವುದಿಲ್ಲ. ಸೈಬರ್, ಫೊರೆನ್ಸಿಕ್ ಕಡೆ ಒಲವಿದ್ದವರಿಗೆ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ್ದಿದೆ. ಮತ್ತೆ, ಯಾವ ಹುದ್ದೆಗೆ ಹೋದರೂ ಪೊಲೀಸ್ ವೆರಿಫಿಕೇಶನ್ ಆಗುತ್ತದೆ. ಕಾಲೇಜು ಗಲಾಟೆಯಲ್ಲಿ ಬಿದ್ದ ಒಂದು ಕೇಸು ವರ್ಷಗಳ ತಯಾರಿಯನ್ನು ನುಂಗಬಹುದು.

ಇಷ್ಟು ಹೇಳಿದ ಮೇಲೂ "ಇಂಟರ್ನ್‌ಶಿಪ್ ಇಲ್ಲ" ಅನ್ನುವ ಉತ್ತರ ನನಗೆ ಸಮಾಧಾನ ಕೊಡುವುದಿಲ್ಲ. ರಹಸ್ಯ ಕಡತ ತೋರಿಸಿ ಅಂತ ಯಾರೂ ಕೇಳುತ್ತಿಲ್ಲ. ಪತ್ರಿಕೆ, ಮಾರುಕಟ್ಟೆ ದರ, ಸೋಶಿಯಲ್ ಮೀಡಿಯಾದ ವದಂತಿ, ಆನ್‌ಲೈನ್ ವಂಚನೆಯ ಹೊಸ ಹೊಸ ವರಸೆ, ಹೀಗೆ ಎಲ್ಲರಿಗೂ ಸಿಗುವ ಮಾಹಿತಿಯ ಮೇಲೇ ವಿದ್ಯಾರ್ಥಿಗಳಿಂದ ಬೇಕಾದಷ್ಟು ಕೆಲಸ ಮಾಡಿಸಬಹುದು. ಗುರುಗ್ರಾಮ ಪೊಲೀಸರು ಬೇಸಿಗೆಯಲ್ಲಿ ಸೈಬರ್ ಭದ್ರತೆಯ ಇಂಟರ್ನ್‌ಶಿಪ್ ನಡೆಸಿಕೊಂಡು ಬಂದಿದ್ದಾರೆ. ಹುಬ್ಬಳ್ಳಿ-ಧಾರವಾಡಕ್ಕೂ ಕಮಿಷನರೇಟ್ ಇದೆ, ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇದೆ, ಸುತ್ತ ಇಷ್ಟೊಂದು ಕಾಲೇಜುಗಳಿವೆ. ಆರು ವಾರ, ಹತ್ತಿಪ್ಪತ್ತು ವಿದ್ಯಾರ್ಥಿಗಳು, ರೂಮು ಬಾಡಿಗೆ ಮತ್ತು ಖಾನಾವಳಿ ಖರ್ಚಿಗಾಗುವಷ್ಟು ಸ್ಟೈಪೆಂಡ್. ಗದಗ, ಹಾವೇರಿಯಿಂದ ಬರುವವರಿಗೂ ಅದರಲ್ಲಿ ಜಾಗ ಇರಬೇಕು. ಈ ಬೇಡಿಕೆಯನ್ನು ಪತ್ರವಾಗಿ ಬರೆದು ಗೃಹ ಇಲಾಖೆಗೆ ಕಳಿಸುತ್ತಿದ್ದೇನೆ. ಸಹಿ ಹಾಕುವ ವಿದ್ಯಾರ್ಥಿಗಳು ನಿಮ್ಮ ಕಾಲೇಜು, ಓದುತ್ತಿರುವ ವರ್ಷ, ಮತ್ತು ಎಂಥ ಕೆಲಸ ಕಲಿಯಬೇಕು ಅಂತಿದ್ದೀರಿ ಅನ್ನೋದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ. ಅವನ್ನೂ ಪತ್ರದ ಜೊತೆ ಲಗತ್ತಿಸುತ್ತೇನೆ.