ಜನಪ್ರಿಯ ಶೈಲಿಯ ಪಿಯಾನೊ ರಚನೆ: ನಾನು ಮೊದಲು ಎಡಗೈಯನ್ನು ನೋಡುತ್ತೇನೆ

ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಗೆ ಮಕ್ಕಳನ್ನು ಪಿಯಾನೊ ಪಾಠಕ್ಕೆ ಕರೆತರುವ ತಂದೆತಾಯಿಯರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: ಪಾಪ್, ಜಾಜ್, ಬ್ಲೂಸ್ ಶೈಲಿಯಲ್ಲಿ ಮಕ್ಕಳಿಗೆಂದು ಬರೆದ ರಚನೆಗಳಲ್ಲಿ ಒಳ್ಳೆಯದು ಯಾವುದೆಂದು ಹೇಗೆ ತಿಳಿಯಬೇಕು?

ಪುಸ್ತಕದ ಜೊತೆ ಬರುವ ಹಿನ್ನೆಲೆ ವಾದ್ಯದ ಧ್ವನಿಮುದ್ರಣವನ್ನು ಬದಿಗಿಟ್ಟು, ಪೆಡಲ್ ಒತ್ತದೆ, ಎಡಗೈ ಭಾಗವೊಂದನ್ನೇ ನಾನು ಮೊದಲು ನುಡಿಸಿ ಕೇಳುತ್ತೇನೆ. ಬಲಗೈಯ ರಾಗ ಇಂಪಾಗಿದ್ದರೂ, ಎಡಗೈಯಲ್ಲಿ ಒಂದೇ ಕಾರ್ಡಿನ (ಒಟ್ಟಿಗೆ ಹೊಂದಿಕೊಂಡು ನುಡಿಯುವ ಸ್ವರಗುಂಪಿನ) ಸ್ವರಗಳು ಕಾರಣವಿಲ್ಲದೆ ಪುಟಗಟ್ಟಲೆ ಸುತ್ತುತ್ತಿದ್ದರೆ, ಆ ರಚನೆಯಿಂದ ಮಗುವಿನ ಒಂದು ಕೈ ಏನನ್ನೂ ಕಲಿಯುವುದಿಲ್ಲ. ಪುನರಾವರ್ತನೆಯೇ ದೋಷವೆಂದು ನಾನು ಹೇಳುತ್ತಿಲ್ಲ. ಬಾರ್ ಎಂದರೆ ಎಣಿಕೆಯ ಒಂದು ಸುತ್ತು; 12 ಬಾರ್‌ಗಳ ಬ್ಲೂಸ್‌ನಲ್ಲಿ ಎಡಗೈಯ ಮಾದರಿ ಒಂದೇ ಆಗಿದ್ದರೂ, 5ನೆಯ ಬಾರ್‌ನಲ್ಲಿ ಅದು ನಾಲ್ಕನೆಯ ಸ್ವರದ ಕಾರ್ಡಿಗೂ 9ನೆಯದರಲ್ಲಿ ಐದನೆಯ ಸ್ವರದ ಕಾರ್ಡಿಗೂ ಸರಿಯುವಾಗ, ನೆಲೆ ಬದಲಾದದ್ದು ಏಳು ವರ್ಷದ ಮಗುವಿನ ಕಿವಿಗೂ ತಿಳಿಯುತ್ತದೆ.

ಎರಡನೆಯದಾಗಿ ನೋಡುವುದು ಲಯ. ಈ ಶೈಲಿಯ ಜೀವವೇ ಪೆಟ್ಟಿನಿಂದ ತಪ್ಪಿಸಿಕೊಂಡು ಬೀಳುವ ಸ್ವರದಲ್ಲಿದೆ. ಆದರೆ ಗಾಯಕರು ಎಳೆದಾಡಿ ಹಾಡಿದ್ದನ್ನು ಇದ್ದಹಾಗೇ ಬರೆದ ಹಾಳೆಗಳಲ್ಲಿ ತಪ್ಪಿಸಿಕೊಳ್ಳಲು ಪೆಟ್ಟೇ ಇರುವುದಿಲ್ಲ. ಮೃದಂಗವನ್ನೂ ಕಲಿಯುತ್ತಿರುವ ನನ್ನ ಶಿಷ್ಯನೊಬ್ಬ ಅಂಥ ಒಂದು ಸಾಲಿನಲ್ಲಿ ಮೂರು ವಾರ ತಡವರಿಸಿದ. ಅದೇ ಲಯವಿರುವ, ಆದರೆ ಎಡಗೈ ನಾಲ್ಕೆಣಿಕೆಯನ್ನು ಗಟ್ಟಿಯಾಗಿ ಹಿಡಿದಿರುವ ಬೇರೊಂದು ರಚನೆಯನ್ನು ಮುಂದಿಟ್ಟಾಗ, ತೊಡೆಯ ಮೇಲೆ ತಾಳ ಹಾಕಿಕೊಂಡು, "ಮಿಸ್, ಇದು ನಮ್ಮ ಎಡುಪಿನ ಹಾಗೇ ಇದೆ" ಎಂದು ಹೇಳಿ, ಅಂದೇ ನುಡಿಸಿದ. ಎಡುಪು ಎಂದರೆ ತಾಳದಲ್ಲಿ ಹಾಡು ಆರಂಭವಾಗುವ ಜಾಗ; ಅದು ಪೆಟ್ಟಿನ ಮೇಲೇ ಬೀಳಬೇಕೆಂದಿಲ್ಲ.

ಕೈಯ ಅಳತೆಯನ್ನೂ ಮರೆಯಬಾರದು. ಒಂದು ಸ್ವರದಿಂದ ಮೇಲಿನ ಸ್ಥಾಯಿಯ ಅದೇ ಸ್ವರಕ್ಕೆ ಸುಮಾರು 16.5 ಸೆಂಟಿಮೀಟರ್ ದೂರವಿರುವಾಗ, ಎಂಟು ವರ್ಷದ ಮಗುವಿನಿಂದ ಎರಡನ್ನೂ ಒಟ್ಟಿಗೆ ಒತ್ತಿಸುವವರು ಮಗುವನ್ನು ನೋಡಿ ಬರೆದವರಲ್ಲ.

ಶಾಸ್ತ್ರೀಯವಲ್ಲದ್ದೆಲ್ಲ ಕೀಳೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನಲ್ಲಿ ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ನೀಡಿದ ಜಯಚಾಮರಾಜ ಒಡೆಯರ್ ಅವರೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದ ಊರಿನಲ್ಲಿ, ಸಂಗೀತವನ್ನು ಪದ್ಧತಿಯ ಹೆಸರಿನಿಂದ ಅಳೆಯುವುದು ನನಗೆ ಸರಿಕಾಣದು.

ಮಗು ಆಸೆಪಟ್ಟು ತರುವ ಚಿತ್ರಗೀತೆಯ ಹಾಳೆ ಎಷ್ಟೇ ಕಳಪೆಯಾಗಿದ್ದರೂ ನಾನು ಅದನ್ನು ಹಿಂದಿರುಗಿಸುವುದಿಲ್ಲ. ಪೆನ್ಸಿಲ್ ತೆಗೆದುಕೊಂಡು, ಎಡಗೈಯ ಸಾಲನ್ನು ಇಬ್ಬರೂ ಸೇರಿ ತಿದ್ದಿ ಬರೆಯುತ್ತೇವೆ.